ಒತ್ತೆಯಿಟ್ಟ ಗಿಟಾರಿನ ಹಾಡು

ಹದಿನಾಲ್ಕು ಹದಿನೈದರ ಮಗನೊಬ್ಬ ವಿದ್ಯುತ್ ಗಿಟಾರನ್ನು ಹೆಗಲಿಗೇರಿಸಿ ಕೋಣೆಯ ಬಾಗಿಲು ಮುಚ್ಚಿಕೊಂಡನೆಂದರೆ, ತಂದೆತಾಯಿಗಳ ಬಾಯಿಂದ ಮೊದಲು ಹೊರಡುವ ಮಾತು ‘ಇದರಿಂದ ಏನು ಬರುತ್ತದೆ?’ ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ಉತ್ತರ ಕಂಡುಕೊಳ್ಳುವ ಮುನ್ನ ಆ ಹುಡುಗನು ಕಲಿಯುತ್ತಿರುವ ಹಾಡು ಯಾವುದು, ಅದು ಹುಟ್ಟಿದ ನೆಲ ಎಂಥದು, ಅದು ಬೆರಳುಗಳಿಗೆ ವಿಧಿಸುವ ಶ್ರಮ ಎಷ್ಟು ಎಂಬುದನ್ನು ವಿಚಾರಿಸುವುದು ಲೇಸು. ಹಿರಿಯರ ಕಿವಿಗೆ ಗದ್ದಲವಾಗಿ ಕೇಳಿದುದೆಲ್ಲ ಗದ್ದಲವೇ ಆಗಿರಬೇಕೆಂಬ ನಿಯಮವಿಲ್ಲ. ಒಂದೇ ಒಂದು ಹಾಡನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಓದುಗರೊಡನೆ ಹಂಚಿಕೊಳ್ಳಬೇಕೆಂದು ಬಯಸಿದ್ದೇವೆ.

‘ಗ್ಲಾಮ್ ಮೆಟಲ್’ ಎಂದು ಹೆಸರಾದ ಪಾಶ್ಚಾತ್ಯ ಸಂಗೀತದ ಒಂದು ಶಾಖೆಯುಂಟು. ಗ್ಲಾಮ್ ಎಂದರೆ ಥಳಕು. ಮೆಟಲ್ ಎಂದರೆ ಲೋಹ. ಲೋಹದಂತೆ ಕಠೋರವಾದ ಗಿಟಾರಿನ ನಾದಕ್ಕೆ ಥಳಕಿನ ವೇಷವನ್ನು ತೊಡಿಸಿದ್ದರಿಂದ ಆ ಹೆಸರು ಬಂದಿತು. 1980ರ ದಶಕದ ಆದಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸನ್‌ಸೆಟ್ ಸ್ಟ್ರಿಪ್ ಎಂಬ ಬೀದಿಯ ರಾತ್ರಿಯ ಸಭಾಗೃಹಗಳಲ್ಲಿ ಇದು ಬೆಳೆಯಿತು. ಗಂಡಸರು ಹೆಗಲು ಮೀರಿದ ಕೂದಲನ್ನು ಔಷಧ ಸಿಂಪಡಿಸಿ ನಿಮಿರಿಸುತ್ತಿದ್ದರು. ಕಣ್ಣಿಗೆ ಕಾಡಿಗೆ, ಮೈಗೆ ಅಂಟಿದ ಬಣ್ಣಬಣ್ಣದ ಉಡುಪು. 1981ರಲ್ಲಿ ಎಂ.ಟಿ.ವಿ. ವಾಹಿನಿ ಆರಂಭವಾಗಿ ಹಾಡುಗಳನ್ನು ನೋಡುವ ಕಾಲ ಬಂದದ್ದು ಇವರಿಗೆ ವರವಾಯಿತು. 1983ರಲ್ಲಿ ಕ್ವೈಟ್ ರಯಟ್ ಎಂಬ ತಂಡದ ಧ್ವನಿಮುದ್ರಿಕೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು. 1991ರಲ್ಲಿ ಸಿಯಾಟಲ್ ಕಡೆಯ ತಂಡಗಳು ಮಾಸಿದ ಅಂಗಿ ತೊಟ್ಟು, ಸೊಗಸಿಲ್ಲದ ನೇರವಾದ ಹಾಡುಗಳನ್ನು ತಂದಾಗ ಈ ವೈಭವವೆಲ್ಲ ಎರಡೇ ವರ್ಷಗಳಲ್ಲಿ ಇಳಿದುಹೋಯಿತು. ಆ ವೇಷ ನಮಗೆ ನಗೆ ತರಿಸುತ್ತದೆಂಬುದನ್ನು ಮರೆಮಾಚುವುದಿಲ್ಲ. ಅಲ್ಲಿನ ಹಾಡುಗಳಲ್ಲಿ ಹೆಚ್ಚಿನವು ಮೋಜು ಮದ್ಯಗಳನ್ನೇ ಕುರಿತವೆಂಬುದೂ ನಿಜ. ವೇಷದೊಂದಿಗೆ ಮರೆಯಾಗದೆ ಉಳಿದ ಕೆಲವು ಹಾಡುಗಳಲ್ಲಿ ಬಾನ್ ಜೋವಿ ತಂಡದ ‘ಲಿವಿನ್ ಆನ್ ಎ ಪ್ರೇಯರ್’ ಒಂದು. ಪ್ರಾರ್ಥನೆಯೊಂದನ್ನೇ ನೆಚ್ಚಿ ಬದುಕುವುದು ಎಂದು ಅದರ ಅರ್ಥ.

ಈ ತಂಡ ಲಾಸ್ ಏಂಜಲೀಸಿನದಲ್ಲ. ಅಮೆರಿಕದ ಪೂರ್ವ ಕರಾವಳಿಯ ನ್ಯೂಜೆರ್ಸಿ ರಾಜ್ಯದಲ್ಲಿ ರಾರಿಟನ್ ಎಂಬ ನದಿ ಸಮುದ್ರವನ್ನು ಸೇರುವ ಎಡೆಯಲ್ಲಿ ಪರ್ತ್ ಆಂಬಾಯ್ ಎಂಬ ಬಂದರಿನ ಊರಿದೆ. ಗಾಯಕ ಜಾನ್ ಬಾನ್ ಜೋವಿ 1962ರಲ್ಲಿಯೂ, ಗಿಟಾರ್ ವಾದಕ ರಿಚಿ ಸಾಂಬೋರಾ 1959ರಲ್ಲಿಯೂ ಹುಟ್ಟಿದ್ದು ಅಲ್ಲಿಯೇ. ಜಾನ್ ಬೆಳೆದದ್ದು ನದಿಯ ಆಚೆ ದಡದ ಸೇರ್‌ವಿಲ್ ಎಂಬ ಊರಿನಲ್ಲಿ. ತಂದೆ ಕ್ಷೌರದ ವೃತ್ತಿಯವರು. (ಮಗನ ಕೇಶರಾಶಿ ಮುಂದೆ ಜಗತ್ಪ್ರಸಿದ್ಧವಾದದ್ದು ವಿನೋದವಲ್ಲವೆ?) ಹರೆಯದಲ್ಲಿ ಈತ ನ್ಯೂಯಾರ್ಕಿನ ಧ್ವನಿಮುದ್ರಣ ಶಾಲೆಯೊಂದರಲ್ಲಿ ಕಸ ಗುಡಿಸಿ, ಹೇಳಿದ ಕೆಲಸ ಮಾಡಿಕೊಂಡು ಇದ್ದನು. ಕಾರ್ಖಾನೆ, ಹಡಗುಕಟ್ಟೆ, ಹೋಟೆಲುಗಳಲ್ಲಿ ದುಡಿಯುವವರ ನಡುವೆ ಬೆಳೆದವರು ಕಟ್ಟಿದ ಹಾಡಿನಲ್ಲಿ ಆ ದುಡಿಮೆಯ ಕಥೆಯೇ ಸೇರಿಕೊಂಡಿತು.

ಕಥೆ ಚಿಕ್ಕದು. ಟಾಮಿ ಎಂಬ ಯುವಕ ಹಡಗುಕಟ್ಟೆಯ ಕೂಲಿಕಾರ. ಸಂಘದವರು ಮುಷ್ಕರ ಹೂಡಿದ್ದಾರೆ, ಕೆಲಸವಿಲ್ಲ, ಸಂಬಳವಿಲ್ಲ. ಅವನ ಸಂಗಾತಿ ಜೀನಾ ಉಪಾಹಾರ ಗೃಹವೊಂದರಲ್ಲಿ ದಿನವಿಡೀ ದುಡಿದು ತಂದುದರಲ್ಲಿ ಇಬ್ಬರ ಜೀವನ ಸಾಗಬೇಕು. ಹಣವಿಲ್ಲದೆ ಟಾಮಿ ತನ್ನ ಗಿಟಾರನ್ನು ಒತ್ತೆಯಿಟ್ಟಿದ್ದಾನೆ. ಯಾವುದರ ಮೂಲಕ ತನ್ನ ಒಳಗಿನದನ್ನು ನುಡಿಸಿ ಹೇಳುತ್ತಿದ್ದನೋ ಅದೇ ಕೈಬಿಟ್ಟುಹೋದ ಮೇಲೆ ಹೇಳಬೇಕಾದುದೆಲ್ಲ ಎದೆಯಲ್ಲಿಯೇ ಉಳಿದಿದೆ. ಆದರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ ಎಂಬಲ್ಲಿಗೆ ಪಲ್ಲವಿ.

ಈ ಹಾಡನ್ನು ಜಾನ್, ಸಾಂಬೋರಾ ಇವರೊಡನೆ ಸೇರಿ ರಚಿಸಿದ ಮೂರನೆಯವರು ಡೆಸ್ಮಂಡ್ ಚೈಲ್ಡ್. ಟಾಮಿ ಜೀನಾರ ಸಂಸಾರಕ್ಕೆ ಮೂಲ ಇವರ ಬಾಳಿನಲ್ಲಿಯೇ ಇತ್ತು. ನ್ಯೂಯಾರ್ಕಿನಲ್ಲಿ ಇವರು ಬಾಡಿಗೆ ಕಾರು ಓಡಿಸುತ್ತ ಓದುತ್ತಿದ್ದಾಗ, ಜೊತೆಗಿದ್ದ ಗಾಯಕಿ ಮರಿಯಾ ವಿಡಾಲ್ ಉಪಾಹಾರ ಗೃಹದಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದರು. ಇಟಲಿಯ ನಟಿ ಜೀನಾ ಲೊಲೊಬ್ರಿಜಿಡಾಳನ್ನು ಹೋಲುತ್ತಾರೆಂದು ಅಲ್ಲಿನವರು ಅವರನ್ನು ಜೀನಾ ಎಂದೇ ಕರೆಯುತ್ತಿದ್ದರು. ಚೈಲ್ಡ್ ಅವರ ಹುಟ್ಟುಹೆಸರು ಜಾನ್. ಹೀಗಾಗಿ ಹಾಡಿನ ನಾಯಕನಿಗೆ ಮೊದಲು ಜಾನಿ ಎಂದು ಹೆಸರಿಟ್ಟಿದ್ದರು. ಗಾಯಕನೂ ಜಾನ್ ಆದುದರಿಂದ ಅದು ಟಾಮಿ ಎಂದಾಯಿತು. ಕೆನಡಾದ ವ್ಯಾಂಕೂವರ್ ನಗರದಲ್ಲಿ ಬ್ರೂಸ್ ಫೇರ್‌ಬೇರ್ನ್ ಅವರ ನಿರ್ದೇಶನದಲ್ಲಿ ಧ್ವನಿಮುದ್ರಣ ನಡೆಯಿತು. ಮೊದಲ ಸಲ ಮುದ್ರಿಸಿದ ಹಾಡು ಜಾನ್‌ಗೆ ಒಪ್ಪಿಗೆಯಾಗಲಿಲ್ಲ, ಬಿಟ್ಟುಬಿಡೋಣ ಎಂಬಂತಿದ್ದನು. ಇದರಲ್ಲಿ ಸತ್ವವಿದೆ ಎಂದು ಹಟ ಹಿಡಿದವರು ಸಾಂಬೋರಾ. ಮಂದ್ರ ತಂತಿವಾದ್ಯದ ನಡೆಯನ್ನು ಬದಲಿಸಿ, ಡ್ರಮ್ಮಿನ ಬಡಿತವನ್ನು ತಿದ್ದಿ, ಗಿಟಾರಿಗೆ ಒಂದು ವಿಚಿತ್ರವಾದ ಧ್ವನಿಯನ್ನು ಕೂಡಿಸಿ ಮರಳಿ ಕಟ್ಟಿದರು. 1986ರಲ್ಲಿ ‘ಸ್ಲಿಪರಿ ವೆನ್ ವೆಟ್’ ಎಂಬ ಧ್ವನಿಮುದ್ರಿಕೆಯಲ್ಲಿ ಹೊರಬಂದ ಆ ಹಾಡು 1987ರ ಫೆಬ್ರುವರಿಯಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ ನಾಲ್ಕು ವಾರ ಅಲ್ಲಿಯೇ ನಿಂತಿತು. ಆ ಧ್ವನಿಮುದ್ರಿಕೆ ಅಮೆರಿಕವೊಂದರಲ್ಲಿಯೇ ಕೋಟಿಗೂ ಮಿಕ್ಕಿ ಮಾರಾಟವಾಗಿದೆ.

ಗಿಟಾರಿನ ಆ ವಿಚಿತ್ರ ಧ್ವನಿಯ ವಿಷಯವನ್ನು ಮುಂದೆ ಹೇಳುತ್ತೇವೆ. ಈ ಹಾಡು ನಮಗೆ ಪರಿಚಯವಾದ ಬಗೆಯನ್ನು ಇಲ್ಲಿ ತಿಳಿಸಬೇಕು. ಪರ್ತ್ ಆಂಬಾಯ್, ಸೇರ್‌ವಿಲ್ ಊರುಗಳಿರುವ ಮಿಡಲ್‌ಸೆಕ್ಸ್ ಕೌಂಟಿಯಲ್ಲಿಯೇ ಎಡಿಸನ್ ಎಂಬ ಊರಿದೆ. ಭಾರತೀಯರು ಬಹಳವಾಗಿ ನೆಲೆಸಿರುವ ಊರು. ಕನ್ನಡದ ಮನೆಗಳೂ ಅಲ್ಲಿ ಸಾಕಷ್ಟಿವೆ. ನಮ್ಮ ಅಕ್ಕನ ಮಗನ ಸಂಸಾರ ಅಲ್ಲಿಯದೇ. 2023ರ ಬೇಸಗೆಯನ್ನು ನಾವು ಆ ಮನೆಯಲ್ಲಿ ಕಳೆದೆವು. ಹದಿನಾಲ್ಕರ ಮೊಮ್ಮಗ ನೆಲಮಾಳಿಗೆಯಲ್ಲಿ ಈ ಹಾಡನ್ನು ಅಭ್ಯಾಸ ಮಾಡುತ್ತಿದ್ದನು. ಮಠದ ಪಾಠಶಾಲೆಯಲ್ಲಿ ಹಾರ್ಮೋನಿಯಮ್ಮಿನ ಮುಂದೆ ಸ್ವರಜ್ಞಾನ ಪಡೆದ ನಮಗೆ, ಎರಡು ತಿಂಗಳು ದಿನವೂ ಒಂದೇ ಹಾಡನ್ನು ಕೇಳಿದ ಮೇಲೆ ಅದರ ಒಳಗಟ್ಟು ತಾನಾಗಿಯೇ ತಿಳಿಯತೊಡಗಿತು.

ಗಿಟಾರಿಗೆ ಆರು ತಂತಿಗಳು. ಮೂರು ನಾಲ್ಕು ಸ್ವರಗಳನ್ನು ಏಕಕಾಲಕ್ಕೆ ಒತ್ತಿ ಮೀಟುವ ಗುಚ್ಛಕ್ಕೆ ಕಾರ್ಡ್ ಎಂದು ಹೆಸರು, ಸ್ವರಗುಚ್ಛ ಎನ್ನೋಣ. ಈ ಹಾಡಿಗೆ ಬಹುತೇಕ ಬೇಕಾದವು ನಾಲ್ಕೇ: ಇ ಮೈನರ್, ಸಿ, ಡಿ, ಜಿ. ಪುಸ್ತಕಗಳಲ್ಲಿ ಇದನ್ನು ಆರು ಗೆರೆ ಎಳೆದು ಗೆರೆಯ ಮೇಲೆ ಅಂಕಿಗಳನ್ನಿಟ್ಟು ತೋರಿಸುತ್ತಾರೆ. ಗೆರೆ ಎಂದರೆ ತಂತಿ, ಅಂಕಿ ಎಂದರೆ ಒತ್ತಬೇಕಾದ ಮನೆ. ಯುರೋಪಿನಲ್ಲಿ ಲ್ಯೂಟ್ ಎಂಬ ವಾದ್ಯದವರು ಹದಿನಾರನೆಯ ಶತಮಾನದಲ್ಲಿಯೇ ಇಂಥ ಲಿಪಿಯನ್ನು ಬಳಸುತ್ತಿದ್ದರು. ಅದನ್ನು ಓದಲು ಅರ್ಧ ದಿನ ಸಾಕು. ಕೈಗೆ ಬರಲು ತಿಂಗಳುಗಳೇ ಬೇಕು.

ಮೊದಲು ಬೆರಳ ತುದಿ. ಉಕ್ಕಿನ ತಂತಿ ಎಳೆಯ ಚರ್ಮವನ್ನು ಕೊರೆಯುತ್ತದೆ. ಮೂರು ನಾಲ್ಕು ವಾರ ದಿನವೂ ನುಡಿಸಿದರೆ ತುದಿ ಗಟ್ಟಿಯಾಗುತ್ತದೆ. ನಡುವೆ ಎಂಟು ದಿನ ಬಿಟ್ಟರೆ ಮತ್ತೆ ಮೊದಲಿನಿಂದ. ಆದುದರಿಂದ ವಾರಕ್ಕೊಮ್ಮೆ ಮೂರು ಗಂಟೆ ಕುಳಿತುಕೊಳ್ಳುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು ಎಂದು ತಂದೆತಾಯಿಗಳು ತಿಳಿದಿರಬೇಕು. ಎರಡನೆಯದು ಬಲಗೈ. ಕಥೆ ಹೇಳುವ ಭಾಗದಲ್ಲಿ ಅಂಗೈಯ ಅಂಚನ್ನು ತಂತಿಗಳ ಬುಡದ ಮೇಲೆ ಹಗುರಾಗಿ ಇಟ್ಟು ಮೀಟಬೇಕು. ಆಗ ನಾದ ಹರಡದೆ, ಬಾಯಿ ಬಿಗಿಹಿಡಿದು ಮಾತನಾಡಿದಂತೆ ಮೊಟಕಾಗಿ ಬರುತ್ತದೆ. ಪಲ್ಲವಿಗೆ ಬಂದಾಗ ಅಂಗೈ ಎತ್ತಿ ತಂತಿಗಳನ್ನು ಮುಕ್ತವಾಗಿ ಬಿಡಬೇಕು. ಹೊಸಬರು ಎರಡು ಕಡೆಯೂ ಒಂದೇ ರಭಸದಿಂದ ಬಡಿಯುತ್ತಾರೆ. ಪಲ್ಲವಿಗೆ ಏರಲು ಎತ್ತರವೇ ಉಳಿಯುವುದಿಲ್ಲ. ಹಾಡಿನ ನಡೆ ನಿಮಿಷಕ್ಕೆ ಸುಮಾರು 120 ಮಾತ್ರೆಗಳದು. ನಮ್ಮ ಹುಡುಗನಿಗೆ ಅವನ ಶಿಕ್ಷಕರು 70ರಿಂದ ಆರಂಭಿಸಿ, ತಪ್ಪಿಲ್ಲದೆ ಮೂರು ಸಲ ಬಂದರೆ ಮಾತ್ರ ಐದು ಮಾತ್ರೆ ಏರಿಸಲು ಹೇಳಿದ್ದರು. ಇದಕ್ಕಿಂತ ಒಳ್ಳೆಯ ಪಾಠಕ್ರಮ ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಅಮರಕೋಶವನ್ನು ನಾವು ಬಾಯಿಪಾಠ ಮಾಡಿದ ರೀತಿಯೂ ಹೆಚ್ಚು ಬೇರೆಯಾಗಿರಲಿಲ್ಲ.

ಸ್ವರದ ದೃಷ್ಟಿಯಿಂದ ನೋಡಿದರೆ ಹಾಡು ನಿಂತಿರುವುದು ಗಾಂಧಾರ, ಧೈವತ, ನಿಷಾದಗಳು ಕೋಮಲವಾದ ಸಪ್ತಕದ ಮೇಲೆ. ನಮ್ಮ ಆಸಾವರಿ ಥಾಟ್, ಕರ್ನಾಟಕ ಪದ್ಧತಿಯ ನಟಭೈರವಿ ಎಂದರೆ ಸಂಗೀತಾಭ್ಯಾಸಿಗಳಿಗೆ ಹೊಳೆಯುತ್ತದೆ. ಟಾಮಿ ಜೀನಾರ ಕಷ್ಟವನ್ನು ಹೇಳುವಷ್ಟು ಕಾಲ ಇ ಸ್ವರವೇ ಷಡ್ಜ. ಪಲ್ಲವಿಯಲ್ಲಿ ಜಿ ಸ್ವರಗುಚ್ಛ ಬಂದೊಡನೆ ಅದೇ ಸಪ್ತಕದ ಕೋಮಲ ಗಾಂಧಾರ ತಾನೇ ಷಡ್ಜವಾದಂತೆ ಭಾಸವಾಗುತ್ತದೆ. ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ನಟಭೈರವಿಯೇ ಶಂಕರಾಭರಣವಾಗುವುದಷ್ಟೆ? ಸ್ವರಗಳು ಅವೇ, ನಿಲ್ಲುವ ಸ್ಥಾನ ಬೇರೆ. ಮೋಡದ ಅಂಚಿನಲ್ಲಿ ಕ್ಷಣಕಾಲ ಬಿಸಿಲು ಕಂಡು ಮತ್ತೆ ಇ ಮೈನರಿಗೆ ಮರಳುತ್ತದೆ. ಇದನ್ನು ಹಾರ್ಮೋನಿಯಮ್ಮಿನಲ್ಲಿ ನುಡಿಸಿ ತೋರಿಸುವ ಅನುಕೂಲ ಅಲ್ಲಿರಲಿಲ್ಲ. ಹುಡುಗನ ಗಿಟಾರಿನ ಒಂದೇ ತಂತಿಯ ಮೇಲೆ ಬೆರಳಿಟ್ಟು ಅವನಿಗೆ ತೋರಿಸಿದೆವು.

ಈಗ ಆ ವಿಚಿತ್ರ ಧ್ವನಿ. ಹಾಡಿನ ಆರಂಭದಿಂದಲೂ ಗಿಟಾರು ಮನುಷ್ಯನ ಬಾಯಿಂದ ‘ವಾ ವಾ’ ಎಂದಂತೆ ಕೇಳಿಸುತ್ತದೆ. ಇದಕ್ಕೆ ಟಾಕ್ ಬಾಕ್ಸ್ ಎಂಬ ಸಾಧನ ಕಾರಣ. ಗಿಟಾರಿನ ನಾದವನ್ನು ಹಿಗ್ಗಿಸುವ ಯಂತ್ರದಿಂದ ಅದನ್ನು ಕಾಲಬಳಿಯ ಪೆಟ್ಟಿಗೆಯೊಂದಕ್ಕೆ ಹಾಯಿಸುತ್ತಾರೆ. ಪೆಟ್ಟಿಗೆಯಿಂದ ಹೊರಟ ಪ್ಲಾಸ್ಟಿಕ್ ಕೊಳವೆ ನಾದವನ್ನು ವಾದಕನ ಬಾಯಿಯವರೆಗೆ ಒಯ್ಯುತ್ತದೆ. ಅವನು ಕೊಳವೆಯ ತುದಿಯನ್ನು ಹಲ್ಲಿನ ಪಕ್ಕದಲ್ಲಿ ಹಿಡಿದು, ತನ್ನ ಕೊರಳಿಂದ ಧ್ವನಿ ಹೊರಡಿಸದೆ, ತುಟಿ ನಾಲಗೆಗಳನ್ನು ಮಾತ್ರ ಅಕ್ಷರ ನುಡಿಯುವಂತೆ ತಿರುಗಿಸುತ್ತಾನೆ. ಎದುರಿನ ಮೈಕಿನಲ್ಲಿ ಗಿಟಾರೇ ಸ್ವರಾಕ್ಷರಗಳನ್ನು ಉಚ್ಚರಿಸಿದಂತೆ ಕೇಳುತ್ತದೆ. 1964ರಲ್ಲಿ ಪೀಟ್ ಡ್ರೇಕ್ ಎಂಬವರು ಸ್ಟೀಲ್ ಗಿಟಾರಿನಲ್ಲಿ ಇಂಥದನ್ನು ನುಡಿಸಿದ್ದರು. 1976ರಲ್ಲಿ ಪೀಟರ್ ಫ್ರಾಂಪ್ಟನ್ ಅವರಿಂದ ಇದು ಮನೆಮಾತಾಯಿತು. ಹತ್ತು ವರ್ಷಗಳ ಅನಂತರ ಸಾಂಬೋರಾ ಇದನ್ನು ಎತ್ತಿಕೊಂಡರು.

ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದವು ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹೊರಡುತ್ತದೆಂದು ಹೇಳಿದ್ದಾನೆ. ಒಳಗಿನಿಂದ ಬಂದ ನಾದ ಒಂದು. ಅದನ್ನು ಕಂಠ, ತಾಲು, ದಂತ, ಓಷ್ಠಗಳು ಅಕ್ಷರವನ್ನಾಗಿಸುವುದು ಇನ್ನೊಂದು. ಸಾಂಬೋರಾ ನಾಭಿಯ ಜಾಗದಲ್ಲಿ ಗಿಟಾರನ್ನಿಟ್ಟರು, ಅಷ್ಟೆ.

ಇದನ್ನು ಬರಿಯ ಚಮತ್ಕಾರವೆಂದು ಭಾವಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಟಾಮಿ ಒತ್ತೆಯಿಟ್ಟದ್ದು ತನ್ನ ಪರವಾಗಿ ಮಾತನಾಡುತ್ತಿದ್ದ ಗಿಟಾರನ್ನು ಎಂಬುದನ್ನು ನೆನೆದುಕೊಳ್ಳಬೇಕು. ಕಥೆಯಲ್ಲಿ ಇಲ್ಲವಾದ ಆ ಗಿಟಾರು ಹಾಡಿನ ಉದ್ದಕ್ಕೂ ಬಾಯಿ ತೆರೆದು ನುಡಿಯುತ್ತಿದೆ. ಕಟ್ಟಿದವರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೋ ಇಲ್ಲವೋ, ಕೇಳುವವನಿಗೆ ಅದು ದೊರೆಯುತ್ತದೆ. ಆದುದರಿಂದ ಈ ಹಾಡನ್ನು ಕಲಿಯುವವನು ಟಾಕ್ ಬಾಕ್ಸ್ ಇಲ್ಲದಿದ್ದರೂ ಆ ಭಾಗವನ್ನು ಬಿಟ್ಟು ನುಡಿಸಬಾರದು. ನಮ್ಮ ಹುಡುಗನಲ್ಲಿ ಆ ಸಾಧನವಿರಲಿಲ್ಲ. ‘ವಾ’ ಪೆಡಲ್ ಎಂಬ ಕಾಲುಮಣೆ ಇತ್ತು. ಅದನ್ನು ಮೇಲೆ ಕೆಳಗೆ ಒತ್ತಿದರೆ ನಾದವು ಉಕಾರದಿಂದ ಆಕಾರಕ್ಕೆ ಸರಿಯುತ್ತದೆ. ಅದರಲ್ಲಿಯೇ ಸಮೀಪಕ್ಕೆ ಬಂದನು.

ಆ ವರ್ಷ ಆ ಮನೆಯ ಪರಿಸ್ಥಿತಿ ಸುಗಮವಾಗಿರಲಿಲ್ಲ. ಅಕ್ಕನ ಮಗ ದುಡಿಯುತ್ತಿದ್ದ ಕಂಪನಿಯವರು ಒಂದು ಬೆಳಿಗ್ಗೆ ಅನೇಕರೊಡನೆ ಅವನನ್ನೂ ಕೆಲಸದಿಂದ ಬಿಡಿಸಿದ್ದರು. ಅಲ್ಲಿನ ವೀಸಾ ನಿಯಮದಂತೆ ಅರವತ್ತು ದಿನಗಳೊಳಗೆ ಬೇರೆ ಕೆಲಸ ದೊರೆಯದೆ, ಮತ್ತಾವ ದಾರಿಯೂ ಕಾಣದೆ ಹೋದರೆ ಸಂಸಾರಸಮೇತ ದೇಶ ಬಿಡಬೇಕು. ಸೊಸೆ ಔಷಧದಂಗಡಿಯಲ್ಲಿ ಮಾಡುತ್ತಿದ್ದ ಕೆಲಸದಿಂದ ಮನೆ ನಡೆದಿತ್ತು. ಸಂಜೆ ಏಳಕ್ಕೆ ಬಂದು ಚಪ್ಪಲಿ ಬಿಡುವಾಗ ಅವಳ ಕಾಲು ಬಾತಿರುತ್ತಿದ್ದವು. ದೊಡ್ಡವರು ಈ ವಿಷಯವನ್ನು ಮಕ್ಕಳೆದುರು ಆಡುತ್ತಿರಲಿಲ್ಲ. ಮಕ್ಕಳಿಗೆ ತಿಳಿಯದ ವಿಷಯ ಮನೆಯಲ್ಲಿ ಯಾವುದಿದೆ?

ಒಂದು ರಾತ್ರಿ ಊಟಕ್ಕೆ ಕುಳಿತಾಗ ಹುಡುಗ, ‘ಅಪ್ಪಾ, ಹಾಡಿನೊಳಗ ಟಾಮಿ ಗಿಟಾರ್ ಹಾಕ್ ಮಾಡ್ಯಾನ ಅಂತ ಐತಲ್ಲ, ಹಂಗಂದ್ರೇನು?’ ಎಂದು ಕೇಳಿದನು.

‘ಒತ್ತಿ ಇಡೋದು. ಸಾಮಾನು ಕೊಟ್ಟು ರೊಕ್ಕ ತರೋದು. ರೊಕ್ಕ ತಿರುಗಿ ಕೊಟ್ರ ಸಾಮಾನು ಬರ್ತದ’ ಎಂದು ತಂದೆ ಹೇಳಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಇಂಜಿನಿಯರಿಂಗ್ ಫೀ ತುಂಬೋ ಮುಂದ ನಿಮ್ಮ ಅಜ್ಜಿ ಕೈಯಾಗಿನ ಪಾಟ್ಲಿ ಒತ್ತಿ ಇಟ್ಟಿದ್ಲು. ಮಾಮಾನ ಕೇಳು, ಅವರ ಕೈಲೇ ಬ್ಯಾಂಕಿಗೆ ಕಳಿಸಿದ್ಲು’ ಎಂದನು.

ಹುಡುಗ ನಮ್ಮ ಕಡೆ ತಿರುಗಿ, ‘ಅಜ್ಜಾ, ಆಮ್ಯಾಲ ತಿರುಗಿ ಬಂದುವೇನು?’ ಎಂದನು.

‘ಎರಡು ಬಂದುವಪಾ. ಎರಡು ಬರಲಿಲ್ಲ’ ಎಂದೆವು. ನಾಲ್ಕು ಪಾಟ್ಲಿಗಳನ್ನು ವಸ್ತ್ರದಲ್ಲಿ ಕಟ್ಟಿ ಒಯ್ದದ್ದು 1997ರಲ್ಲಿ. ಅಕ್ಕ ಅಂದಿನಿಂದ ಇಂದಿನವರೆಗೆ ಆ ಎರಡರ ಹೆಸರೆತ್ತಿದ್ದನ್ನು ನಾವು ಕೇಳಿಲ್ಲ.

ಹುಡುಗ ಮುಂದೆ ಏನೂ ಕೇಳಲಿಲ್ಲ. ಮರುದಿನದಿಂದ ಅವನ ವಾದನದಲ್ಲಿ ಒಂದು ವ್ಯತ್ಯಾಸ ಕಂಡಿತು. ಅದುವರೆಗೆ ಕಥೆಯ ಭಾಗವನ್ನು ಹೇಗೋ ಮುಗಿಸಿ ನಡುವಿನ ಒಂಟಿ ವಾದನದ ಕಡೆಗೆ ಓಡುತ್ತಿದ್ದವನು, ಈಗ ಅಂಗೈ ಬಿಗಿದು ಮೀಟುವ ಆ ಮೊದಲ ಸಾಲುಗಳನ್ನೇ ಮತ್ತೆ ಮತ್ತೆ ನುಡಿಸತೊಡಗಿದನು. ಅದು ಆ ರಾತ್ರಿಯ ಮಾತಿನ ಫಲವೋ, ಅಭ್ಯಾಸದ ಫಲವೋ ಹೇಳಲಾರೆವು.

ಉಳಿದದ್ದು ಕೊನೆಯ ಪಲ್ಲವಿ. ಕಲಿಯುವವರೆಲ್ಲ ಎಡವುವ ಸ್ಥಳವದು. ಮೂರು ನಿಮಿಷ ಕಳೆದ ಮೇಲೆ ಹಾಡು ಇದ್ದಕ್ಕಿದ್ದಂತೆ ತನ್ನ ಶ್ರುತಿಯನ್ನೇ ಬಿಟ್ಟು ಮೇಲಕ್ಕೆ ನೆಗೆಯುತ್ತದೆ. ಹಾರ್ಮೋನಿಯಮ್ಮಿನ ಕರಿ ಬಿಳಿ ಮನೆಗಳನ್ನು ಒಂದನ್ನೂ ಬಿಡದೆ ಎಣಿಸಿದರೆ ಮೂರು ಮನೆ ಮೇಲೆ. ತಂಬೂರಿಯ ಮುಂದೆ ಹಾಡುವ ನಮ್ಮವರಿಗೆ ಇದು ಊಹೆಗೂ ನಿಲುಕದ ಕೆಲಸ; ಷಡ್ಜ ಹಾಕಿದ ಮೇಲೆ ಕಛೇರಿ ಮುಗಿಯುವವರೆಗೆ ಅದೇ ಷಡ್ಜ. ಇಲ್ಲಿ ಮಾತ್ರ ಇ ಎಂಬ ಷಡ್ಜವೇ ಎದ್ದು ಜಿಗೆ ಹೋಗುತ್ತದೆ. ಹಿಂದೆ ಬಿಸಿಲು ತೋರಿಸಿದ ಜಿ ಸ್ವರವೇ ಈಗ ಹೊಸ ಆಸಾವರಿಯ ಷಡ್ಜ. ಕಂಡ ನೆಮ್ಮದಿಯ ಮೇಲೆಯೇ ಕಷ್ಟ ಬಂದು ಕುಳಿತು, ಅಲ್ಲಿಂದಲೂ ಇನ್ನೊಂದು ಮೆಟ್ಟಲು ಏರುವ ಪ್ರಯತ್ನ ಆರಂಭವಾದಂತೆ ನಮಗೆ ಕೇಳಿಸಿತು.

ಅಷ್ಟೇ ಸಾಲದೆಂದು ತಾಳದಲ್ಲಿಯೂ ಒಂದು ತೊಡಕಿದೆ. ಹಾಡೆಲ್ಲ ನಾಲ್ಕು ಮಾತ್ರೆಗಳ ಆವರ್ತನದಲ್ಲಿ ನಡೆದು, ಈ ನೆಗೆತದ ಹಿಂದಿನ ಆವರ್ತನದಲ್ಲಿ ಮಾತ್ರ ಮೂರೇ ಮಾತ್ರೆ. ನಾಲ್ಕನೆಯದು ಬರುವುದೆಂದು ಕಾದವನು ಹಿಂದೆ ಉಳಿಯುತ್ತಾನೆ. ಕಾಲಿಟ್ಟಲ್ಲಿ ಮೆಟ್ಟಲು ಇಲ್ಲದಿದ್ದರೆ ಎದೆ ಝಲ್ಲೆನ್ನುವುದಷ್ಟೆ, ಆ ಬಗೆಯ ಅನುಭವ. ಎಣಿಸಿ ಕಲಿಯುವುದು ಕಷ್ಟ. ಹಾಡಿಕೊಂಡು ಕಲಿತರೆ ಬರುತ್ತದೆ.

ಕೈಗೂ ಇಲ್ಲಿ ಪರೀಕ್ಷೆ. ಅದುವರೆಗಿನ ನಾಲ್ಕು ಗುಚ್ಛಗಳಲ್ಲಿ ಒತ್ತದೆ ಬಿಟ್ಟ ತಂತಿಗಳು ತಾವಾಗಿಯೇ ಮಿಡಿಯುತ್ತಿದ್ದವು. ಹೊಸ ಶ್ರುತಿಯಲ್ಲಿ ಬೇಕಾದವು ಜಿ ಮೈನರ್, ಇ ಫ್ಲಾಟ್, ಎಫ್, ಬಿ ಫ್ಲಾಟ್. ಇವುಗಳಿಗೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಿ ಒತ್ತಬೇಕು. ಉಳಿದ ಬೆರಳುಗಳು ಮುಂದಿನ ಮನೆಗಳಲ್ಲಿ ನಿಲ್ಲಬೇಕು. ಜಿ ಮೈನರ್ ಮೂರನೆಯ ಮನೆಯಲ್ಲಿ, ಇ ಫ್ಲಾಟ್ ಆರನೆಯದರಲ್ಲಿ. ಎಳೆಯ ಮಣಿಕಟ್ಟು ಐದು ನಿಮಿಷಕ್ಕೆ ಸೋಲುತ್ತದೆ. ಗಾಯಕನಿಗೂ ಈ ನೆಗೆತ ಸುಲಭವಾಗಿಲ್ಲ. ಮೂವತ್ತೈದು ವರ್ಷ ಇಂಥ ಎತ್ತರಗಳನ್ನು ಏರಿದ ಜಾನ್ ಬಾನ್ ಜೋವಿ 2022ರಲ್ಲಿ ಧ್ವನಿತಂತುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಹಾಡನ್ನು ಉಳಿಸಿದ ಸಾಂಬೋರಾ 2013ರಲ್ಲಿಯೇ ತಂಡ ಬಿಟ್ಟಿದ್ದರು.

ವಿದ್ಯುತ್ ಗಿಟಾರಿನ ಬೆಲೆಗೆ ಅಂಜುವ ಮನೆಯವರಿಗೆ ಒಂದು ಸಂಗತಿ ಹೇಳಬಹುದು. 1989ರಲ್ಲಿ ಎಂ.ಟಿ.ವಿ.ಯ ಪ್ರಶಸ್ತಿ ಸಮಾರಂಭದಲ್ಲಿ ಜಾನ್, ಸಾಂಬೋರಾ ಇಬ್ಬರೇ ಕುಳಿತು, ಡ್ರಮ್ಮಿಲ್ಲದೆ, ಟಾಕ್ ಬಾಕ್ಸಿಲ್ಲದೆ, ಸಾಧಾರಣ ಮರದ ಗಿಟಾರುಗಳಲ್ಲಿ ಈ ಹಾಡನ್ನು ನುಡಿಸಿದರು. ಥಳಕೆಲ್ಲ ಕಳಚಿದ ಮೇಲೆ ಉಳಿದದ್ದು ಎರಡು ಕೊರಳು, ಹನ್ನೆರಡಕ್ಕೂ ಮಿಕ್ಕ ತಂತಿಗಳು ಮತ್ತು ಟಾಮಿ ಜೀನಾರ ಕಥೆ. ಕಲಿಯುವವರಿಗೆ ಮೊದಲು ಅದನ್ನೇ ಕೇಳಿಸಬೇಕೆಂದು ನಮ್ಮ ಸಲಹೆ.

ಅಕ್ಕನ ಮಗನಿಗೆ ಏಳನೆಯ ವಾರದಲ್ಲಿ ಕೆಲಸ ದೊರೆಯಿತು. ಸಂಬಳ ಮೊದಲಿನದಕ್ಕಿಂತ ಕಡಿಮೆ. ನಾವು ಊರಿಗೆ ಹೊರಡುವ ಹಿಂದಿನ ಸಂಜೆ ಹುಡುಗ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದನು. ಸೊಸೆ ಕೆಲಸದಿಂದ ಬಂದವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಲ ಮೇಲೆಯೇ ಕುಳಿತು ಕೇಳಿದಳು. ಮೂರು ಮಾತ್ರೆಯ ಆವರ್ತನ ತಪ್ಪಲಿಲ್ಲ. ಜಿ ಮೈನರ್ ಸ್ವಚ್ಛವಾಗಿ ಬಂದಿತು. ಇ ಫ್ಲಾಟಿನಲ್ಲಿ ಒಂದು ತಂತಿ ಇನ್ನೂ ಕಿರುಗುಟ್ಟುತ್ತಿತ್ತು.